ಸಹಾಯ ಬೇಕು: ಸರ್ಬಿಯಾದ ಮೂತ್ರಪಿಂಡ ರೋಗದ ಹಳೆಯ ಸಮೀಕ್ಷಾ ವರದಿಗಳು

ಮಾನ್ಯರೇ,

ಸರ್ಬಿಯಾದ ಕೊಲುಬಾರಾ ನದಿ ಬಯಲಿನ ಹಳ್ಳಿಗಳಲ್ಲಿ ಒಂದೇ ಮನೆಯ ಹಲವರನ್ನು ನಿಧಾನವಾಗಿ ಕಾಡುವ, ಬಾಲ್ಕನ್ ನೆಫ್ರೋಪತಿ ಎಂದು ಹೆಸರಾದ ಮೂತ್ರಪಿಂಡ ರೋಗವನ್ನು ಅಲ್ಲಿನ ವೈದ್ಯರು 1950ರ ದಶಕದಲ್ಲಿ ಗುರುತಿಸಿದರು. ಗೋಧಿ ಹೊಲದ ಕಳೆಯಾದ ಅರಿಸ್ಟೊಲೋಕಿಯಾ ಕ್ಲೆಮಟೈಟಿಸ್ ಗಿಡದ ಬೀಜವು ಕಾಳಿನೊಂದಿಗೆ ಹಿಟ್ಟಿಗೆ ಸೇರುತ್ತಿತ್ತೆಂಬುದೂ, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಡಿಎನ್‌ಎಗೆ ಅಂಟಿಕೊಂಡು ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆಂಬುದೂ ಬಹುಕಾಲದ ನಂತರ ಜೀವರಸಾಯನ ಅಧ್ಯಯನಗಳಿಂದ ಸ್ಪಷ್ಟವಾಯಿತು. ನಮ್ಮಲ್ಲಿ ನಾಟಿ ಔಷಧಿಗೆ ಬಳಸುವ ಈಶ್ವರಿ ಬಳ್ಳಿಯೂ ಇದೇ ಕುಲದ್ದು, ಅದರಲ್ಲಿಯೂ ಈ ಆಮ್ಲವಿದೆ. ಆದ್ದರಿಂದ ಈ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಬರೆಯುವುದು ತುರ್ತೆಂದು ನನಗನಿಸಿದೆ.

ಸರ್ಬಿಯನ್ ಭಾಷೆ ಓದಬಲ್ಲವರು ಅಥವಾ ಬೆಲ್‌ಗ್ರೇಡಿನ ವೈದ್ಯಕೀಯ ಗ್ರಂಥಾಲಯಗಳ ಪರಿಚಯವುಳ್ಳವರು ಇಲ್ಲಿದ್ದರೆ, ಆರಂಭದ ಹಳ್ಳಿ ಸಮೀಕ್ಷೆಗಳ ವರದಿಗಳನ್ನು ಪಡೆದು ಓದಲು ದಯವಿಟ್ಟು ನೆರವಾಗಬೇಕು. ಸಾರಾಂಶ ಸಾಲದು, ಮೂಲ ಪಠ್ಯವೇ ಬೇಕು; ರೋಗವಿದ್ದ ಮನೆಗಳವರು ಏನು ಬೆಳೆದು ಏನು ತಿನ್ನುತ್ತಿದ್ದರೆಂಬ ವಿವರ ಅಲ್ಲಿ ಸಿಗಬಹುದು.