ಒಣ ಕುಂಚದ ಫಾಂಟ್: ಎರಡು ‘ಓ’ ಒಂದೇ ಥರ ಕಾಣುತ್ತಿವೆ, ಏನು ಮಾಡಲಿ?

ಮಸಿಕುಡಿಕೆ: ನಾಟಕದ ಪೋಸ್ಟರ್ ಮಾಡುತ್ತಿದ್ದೇನೆ. ಹೆಸರು ಇಂಗ್ಲಿಷಿನಲ್ಲಿದೆ, ಪಕ್ಕಪಕ್ಕ ಎರಡು ‘ಓ’ ಬರುತ್ತವೆ. ಒಣ ಕುಂಚದಲ್ಲಿ ಬರೆದಂತೆ ಕಾಣುವ ಒಂದು ಫಾಂಟ್ ಹಾಕಿದೆ. ದೂರದಿಂದ ಸಖತ್ತಾಗಿದೆ. ಹತ್ತಿರ ಬಂದರೆ ಎರಡಕ್ಕೂ ಬಲಗಡೆ ಅದೇ ಗೀರು, ಅದೇ ಜಾಗದಲ್ಲಿ ಅದೇ ಬಿಳಿ ಚುಕ್ಕೆ. ರಬ್ಬರ್ ಸ್ಟಾಂಪ್ ಒತ್ತಿದ ಹಾಗಿದೆ! ಇನ್ನೊಂದು, ದಿನಾಂಕ, ಸ್ಥಳಕ್ಕೂ ಇದೇ ಫಾಂಟ್ ಸಾಕಾ? ತಂಡದವರಿಗೆ ಟೀ ಶರ್ಟೂ ಬೇಕಂತೆ.

ಹಳೇಬ್ರಷ್: ಮೊದಲು ಗ್ಲಿಫ್ಸ್ ಪ್ಯಾನೆಲ್ (ಫಾಂಟ್‌ನಲ್ಲಿರುವ ಎಲ್ಲ ಅಕ್ಷರರೂಪಗಳ ಪಟ್ಟಿ) ತೆರೆದು ಬದಲಿ ‘ಓ’ ಇದೆಯಾ ನೋಡಿ. ಕೆಲವು ಫಾಂಟ್‌ಗಳಲ್ಲಿ ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್ (ಅಕ್ಕಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ಸೌಲಭ್ಯ) ಆನ್ ಮಾಡಿದರೆ ಎರಡನೆಯದು ತಾನಾಗೇ ಬದಲಾಗುತ್ತದೆ. ಇಲ್ಲದಿದ್ದರೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಕೊಂಡು (ಅಂದರೆ ಚಿತ್ರದಂತೆ ತಿದ್ದಬಹುದಾದ ಆಕಾರವಾಗಿಸಿ) ಒಂದನ್ನು ತುಸು ಓರೆ ಮಾಡಿ, ಆ ಚುಕ್ಕೆ ಮುಚ್ಚಿಬಿಡಿ. ಕನ್ನಡಿಯಲ್ಲಿ ಕಂಡಂತೆ ಮಾತ್ರ ತಿರುಗಿಸಬೇಡಿ, ಕುಂಚ ಹೋದ ದಿಕ್ಕೇ ಉಲ್ಟಾ ಆಗುತ್ತದೆ.

ಆದರೆ ನಿಜವಾದ ತೊಂದರೆ ‘ಓ’ದಲ್ಲಿಲ್ಲ. ಬೋರ್ಡ್ ಬರೆಯೋದು ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ. ಕುಂಚ ಅದ್ದಿ ಬರೆದ ಮೊದಲ ಅಕ್ಷರ ದಪ್ಪಗೆ, ತುಂಬಿಕೊಂಡು ಬರುತ್ತದೆ. ಮುಂದೆ ಹೋದಂತೆ ಬಣ್ಣ ತೀರುತ್ತದೆ, ಕೂದಲು ಬಿಡಿಬಿಡಿಯಾಗಿ ಗೀರು ಬೀಳುತ್ತದೆ. ಆಮೇಲೆ ಮತ್ತೆ ಅದ್ದುತ್ತೇವೆ. ಫಾಂಟ್‌ನಲ್ಲಿ ಪ್ರತಿ ಅಕ್ಷರವೂ ಈಗಷ್ಟೇ ಅದ್ದಿದಂತೆ ಶುರುವಾಗಿ ತನ್ನ ಬಾಲದಲ್ಲೇ ಒಣಗುತ್ತದೆ. ಕಣ್ಣಿಗೆ ಸುಳ್ಳು ಅನಿಸೋದು ಅಲ್ಲೇ. ಬದಲಿ ಅಕ್ಷರಗಳಿದ್ದರೆ ತುಂಬಿದವನ್ನು ಪದದ ಮೊದಲಿಗೆ, ಗೀರು ಜಾಸ್ತಿ ಇರುವವನ್ನು ಕೊನೆಗೆ ಹಾಕಿ ನೋಡಿ.

ಅಂದಹಾಗೆ, ಗೀರು ಇದ್ದರೇ ಕೈಬರಹ ಅಂತೇನಿಲ್ಲ. ಫ್ರಾನ್ಸಿನ ಅಕ್ಷರ ವಿನ್ಯಾಸಕ ರೋಜೆ ಎಕ್ಸ್‌ಕೋಫೋನ್ ತನ್ನದೇ ಕೈಬರಹ ಇಟ್ಟುಕೊಂಡು ಮಾಡಿದ ಮಿಸ್ಟ್ರಲ್ ಫಾಂಟ್ 1953ರದ್ದು. ಅಕ್ಷರದೊಳಗೆ ಒಂದು ಗೀರೂ ಇಲ್ಲ, ಆದರೂ ಎಂಥ ಓಟ!

ಪ್ಲೇಟ್‌ರೂಮ್: ದಿನಾಂಕಕ್ಕೆ ಬೇಡವೇ ಬೇಡ. ಸಣ್ಣ ಗಾತ್ರದಲ್ಲಿ ಗೀರು ಗೀರಾಗಿ ಕಾಣುವುದಿಲ್ಲ, ಅಚ್ಚು ಕೆಟ್ಟಿದೆ ಅನ್ನಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಇನ್ನೂ ಕಷ್ಟ. ಸುತ್ತಲಿನ ಇಂಕು ಹರಡಿ ತೆಳು ಗೆರೆಗಳನ್ನೆಲ್ಲ ನುಂಗುತ್ತದೆ. ಬೋಲ್ಡ್ ಬಟನ್ ಒತ್ತಬೇಡಿ, ಗೀರೆಲ್ಲ ಮುಚ್ಚಿಹೋಗುತ್ತದೆ.

ಟೀ ಶರ್ಟ್ ಸ್ಕ್ರೀನ್ ಪ್ರಿಂಟ್ ಆದರೆ ತೀರಾ ಸಣ್ಣ ಚುಕ್ಕೆಗಳು ಇಂಕು ಇಳಿಯುವ ಜಾಲರಿಯಲ್ಲಿ ನಿಲ್ಲುವುದಿಲ್ಲ, ಮೊದಲೇ ಅಳಿಸಿ ಕೊಡಿ. ವಿನೈಲ್ ಕಟಿಂಗ್ (ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಬಟ್ಟೆಗೆ ಅಂಟಿಸೋದು) ಆದರಂತೂ ಒಂದೊಂದು ಚುಕ್ಕೆಯೂ ಒಂದೊಂದು ಚೂರು, ಕೂತು ಕೈಯಲ್ಲೇ ಕೀಳಬೇಕು. ಅದೇ ಫಾಂಟ್‌ನ ಗೀರಿಲ್ಲದ ಆವೃತ್ತಿ ಜೊತೆಗೆ ಬಂದಿದೆಯಾ ನೋಡಿ. ಎಷ್ಟೋ ಫಾಂಟ್‌ಗಳಿಗೆ ಇರುತ್ತದೆ.

ಮಸಿಕುಡಿಕೆ: ಬದಲಿ ‘ಓ’ ಸಿಕ್ಕಿತು, ಥ್ಯಾಂಕ್ಸ್ ಸರ್! ದಿನಾಂಕಕ್ಕೆ ಸಾದಾ ಫಾಂಟ್ ಹಾಕಿದೆ. ಹೆಸರಿನ ಮೊದಲ ಅಕ್ಷರ ಮಾತ್ರ ಎರಡು ಪಟ್ಟು ದೊಡ್ಡದು ಮಾಡಬಹುದಾ?

ಹಳೇಬ್ರಷ್: ಮಾಡಿದರೆ ಅದರ ಗೀರೂ ಎರಡು ಪಟ್ಟು ದಪ್ಪ ಆಗುತ್ತದೆ. ಪಕ್ಕದ ಅಕ್ಷರಗಳನ್ನು ಬೇರೆ ಕುಂಚದಲ್ಲಿ ಬರೆದಂತೆ ಕಾಣುತ್ತದೆ. ದೊಡ್ಡದೇ ಬೇಕಾದರೆ ಆ ಒಂದು ಅಕ್ಷರವನ್ನು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿಬಿಡಿ.