ತುರ್ತು: ರ‍್ಯಾಪ್ ಜೊತೆ ರಾಕ್ ಗಿಟಾರ್ ಸೇರಿದ ಮೊದಲ ಆಲ್ಬಮ್ – ಕನ್ನಡದಲ್ಲಿ ಏನೆನ್ನೋಣ?

ಮೈಸೂರಿನಿಂದ

ಬಲ್ಲವರು ದಯವಿಟ್ಟು ಬೇಗ ತಿಳಿಸಿ, ನಾಳೆ ಸಂಜೆಯೊಳಗೆ ಫಲಕ ಪ್ರಿಂಟಿಗೆ ಹೋಗಬೇಕು. ಹಳೆಯ ರೆಕಾರ್ಡುಗಳನ್ನು ಕೂತು ಕೇಳುವ ಕಾರ್ಯಕ್ರಮವೊಂದಕ್ಕೆ ಬರಹ ಅನುವಾದಿಸುತ್ತಿದ್ದೇನೆ. ಈ ಸಲದ ರೆಕಾರ್ಡು ನ್ಯೂಯಾರ್ಕಿನ ರನ್-ಡಿಎಂಸಿ ಎಂಬ ರ‍್ಯಾಪ್ (ಬಡಿತಕ್ಕೆ ಪ್ರಾಸದ ಮಾತು ಹೇಳುವ) ತಂಡದ ಮೊದಲನೆಯದು. 1984ರ ಮಾರ್ಚಿನಲ್ಲಿ ಬಂದದ್ದು, ತಂಡದ ಹೆಸರೇ ಅದಕ್ಕೂ ಹೆಸರು. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ರ‍್ಯಾಪ್ ಹಾಗೂ ರಾಕ್ ಗಿಟಾರ್‌ಗಳ ಸಮ್ಮಿಳನದ ಚೊಚ್ಚಲ ಧ್ವನಿಸುರುಳಿ’.

ಸಮ್ಮಿಳನ ಎಂದರೆ ಹಳೆ ವಿದ್ಯಾರ್ಥಿಗಳ ಸಭೆಯೇ ಕಣ್ಣಿಗೆ ಬರುತ್ತದೆ. ಧ್ವನಿಸುರುಳಿ ಕ್ಯಾಸೆಟ್ಟಿಗೆ ಹುಟ್ಟಿದ ಪದ, ಇದು ವಿನೈಲ್ ತಟ್ಟೆ. ಇನ್ನು ಆ ಗಿಟಾರಿನ ಗರಗರ ದನಿಗೆ ‘ವಿಕೃತ ನಾದ’ ಎಂದು ಬರೆಯಲು ಕೈ ಬರುತ್ತಿಲ್ಲ. ಬೇರೆ ಪದ ಇದೆಯೇ?

ಶಿವಮೊಗ್ಗದಿಂದ

‘ಚೊಚ್ಚಲ ಧ್ವನಿಸುರುಳಿ’ ಅರಿಸಮಾಸ. ‘ಪ್ರಥಮ ಧ್ವನಿಮುದ್ರಿಕೆ’ ಎಂದರೆ ಮುಗಿಯಿತು. ಸಂಸ್ಕೃತ ಬೇಕಿದ್ದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಿ, ಕನ್ನಡ ಬೇಕಿದ್ದರೆ ಅಚ್ಚಗನ್ನಡದಲ್ಲೇ. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಕವಿ ನಯಸೇನ ಕೇಳಿ ಒಂಬೈನೂರು ವರ್ಷ ಆಯಿತು.

ಧಾರವಾಡದಿಂದ

ಅದು ಸಮಾಸವೇ ಅಲ್ಲರೀ. ಬಿಡಿಸಿ ಬರೆದಾರ, ಚೊಚ್ಚಲ ವಿಶೇಷಣ. ‘ಚೊಚ್ಚಲ ಶತಕ’ ಅಂತ ದಿನಾ ಪೇಪರಿನಾಗ ಓದತೀವಿ, ಅವಾಗ ಯಾರಿಗೂ ವ್ಯಾಕರಣದ ಕೇಶಿರಾಜ ನೆನಪಾಗೂದಿಲ್ಲ.

ಶಿವಮೊಗ್ಗದಿಂದ

ಪೇಪರು ಪ್ರಮಾಣವಲ್ಲ. ಚೊಚ್ಚಲು ಎಂದರೆ ಮೊದಲ ಹೆರಿಗೆ. ತೆಲುಗಿನ ತೊಲಿಚೂಲು ನೋಡಿ, ನಮ್ಮ ಸೂಲಗಿತ್ತಿಯ ಸೂಲು ನೋಡಿ. ಹೆತ್ತವಳಿಗೂ ಕೂಸಿಗೂ ಮಾತ್ರ ಸಲ್ಲುವ ಮಾತು. ಹೆತ್ತವರು ಹಾಡುಗಾರರು, ಕೂಸು ಹಾಡಿನ ಗೊಂಚಲು ಎಂದುಕೊಂಡರೆ ‘ಚೊಚ್ಚಲ ಆಲ್ಬಮ್’ ಅರ್ಥಕ್ಕೆ ಕೂಡುತ್ತದೆ, ಒಪ್ಪುತ್ತೇನೆ. ಆದರೆ ಇದೇ ಸಲಿಗೆಯಲ್ಲಿ ‘ಚೊಚ್ಚಲ ನಟ’, ‘ಚೊಚ್ಚಲ ನಾಯಕಿ’ ಎಂದು ಬರೆಯುವುದಿದೆಯಲ್ಲ, ಅದು ಶುದ್ಧ ತಪ್ಪು.

ಬೆಂಗಳೂರಿನಿಂದ

ನಟನ ವಿಶಯ ಯಾರೂ ಕೇಳಿಲ್ಲ. ಹೊರಗಿನಿಂದ ಬಂದ ಬಗೆಗೆ ನಮ್ಮದೇ ಪದ ಕಟ್ಟಬೇಕು. ರ‍್ಯಾಪ್‌ಗೆ ‘ಬಡಿನುಡಿ’, ಆಲ್ಬಮ್‌ಗೆ ‘ಹಾಡುಗಂತೆ’, ಸಮ್ಮಿಳನಕ್ಕೆ ‘ಬೆರಕೆ’. ‘ಬಡಿನುಡಿ ಮತ್ತು ರಾಕ್ ಗಿಟಾರ್ ಬೆರಕೆಯ ಮೊದಲ ಹಾಡುಗಂತೆ’. ಸಂಸ್ಕ್ರುತವೂ ಬೇಡ, ಇಂಗ್ಲಿಶೂ ಬೇಡ.

ಮೈಸೂರಿನಿಂದ

ಫಲಕದ ಮುಂದೆ ನಿಲ್ಲುವ ಹುಡುಗರಿಗೆ ‘ಬಡಿನುಡಿ’ ತಿಳಿಯುವುದಿಲ್ಲ ಸರ್. ರ‍್ಯಾಪ್ ಗೊತ್ತಿದ್ದೇ ಬರುವವರು ಅವರು. ‘ಬೆರಕೆ’ಯೂ ಬೈಗುಳದ ಹಾಗೆ ಕೇಳುತ್ತದೆ ಎಂದು ಬಿಟ್ಟಿದ್ದೆ.

ಬೆಂಗಳೂರಿನಿಂದ

ಬೆರಕೆ ಸೊಪ್ಪಿನ ಸಾರು ಬೈಗುಳವೇ?

ಧಾರವಾಡದಿಂದ

ಸೊಪ್ಪಿಗೆ ಸರಿ. ಮನಿತನಕ್ಕ ‘ಬೆರಕೆ’ ಅಂದು ನೋಡ್ರಿ ಗೊತ್ತಾಗತದ. ಅದಿರಲಿ, ನಮ್ಮ ಕಡೆ ಇದಕ್ಕ ಪದ ಯಾವಾಗಿಂದಲೋ ಐತಿ: ಗೀಗೀ. ದಪ್ಪಿನ ಪೆಟ್ಟು, ತುಂತುಣಿ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನೂ ಹರದೇಶಿ-ನಾಗೇಶಿ ಸವಾಲ್-ಜವಾಬು. ಎದುರಿನವನ್ನ ಮಾತಿನಾಗ ಕೆಡವೂದು ನಮಗ ಹೊಸದಲ್ಲ. ‘ನ್ಯೂಯಾರ್ಕಿನ ಗೀಗೀ’ ಅಂತ ಬರದು ಬಿಡ್ರಿ.

ನ್ಯೂಜೆರ್ಸಿಯಿಂದ

ಗೀಗೀ ಎನ್ನಬೇಡಿ. ಗೀಗೀಯಲ್ಲಿ ಮಟ್ಟು ಇದೆ, ಹಿಂದೆ ಮೇಳ ‘ಗೀಯ ಗೀಯ’ ಎಂದು ಎತ್ತಿಕೊಳ್ಳುತ್ತದೆ, ಹರದೇಶಿ-ನಾಗೇಶಿಗೆ ತತ್ತ್ವದ ವಾದವೇ ಇದೆ. ಆ ಹೆಸರನ್ನು ಇಲ್ಲಿಗೆ ಅಂಟಿಸಿದರೆ ಎರಡಕ್ಕೂ ಅನ್ಯಾಯ.

ಇಷ್ಟು ಹೊತ್ತು ಪದ ಕಟ್ಟಿದವರಲ್ಲಿ ತಟ್ಟೆ ಕೇಳಿದವರು ಯಾರೂ ಇದ್ದ ಹಾಗಿಲ್ಲ. ನಾನು ಇದನ್ನು ಬಹಳ ಕೇಳಿದ್ದೇನೆ, ಅದರ ಮೇಲೆ ಪ್ರೀತಿಯೂ ಇದೆ. ಅದರಲ್ಲಿರುವುದು ಒಂಬತ್ತು ಹಾಡು. ‘ಸಕ್ಕರ್ ಎಂಸೀಸ್’ ತೆಗೆದುಕೊಳ್ಳಿ, ಅದು 1983ರಲ್ಲೇ ಒಂದು ಸಿಂಗಲ್‌ನ (ಒಂದೆರಡು ಹಾಡಿನ ಬಿಡಿ ತಟ್ಟೆ) ಹಿಂಬದಿಯಲ್ಲಿ ಬಂದಿತ್ತು. ಗಿಟಾರೂ ಇಲ್ಲ, ಬೇಸ್ ಗಿಟಾರೂ ಇಲ್ಲ. ಡಿಎಂಎಕ್ಸ್ ಎಂಬ ಡ್ರಮ್ ಮಷೀನಿನ ಬಡಿತ, ಚಪ್ಪಾಳೆ, ತಟ್ಟೆ ಉಜ್ಜುವ ಸದ್ದು, ಮಾತು, ಅಷ್ಟೇ. ಅಲ್ಲಿಯತನಕ ರ‍್ಯಾಪ್ ರೆಕಾರ್ಡುಗಳ ಹಿಂದೆ ಹೆಚ್ಚಾಗಿ ಡಿಸ್ಕೊ, ಫಂಕ್ ಎಂಬ ಕುಣಿತದ ಸಂಗೀತಗಳ ವಾದ್ಯಗಾರರು ಇರುತ್ತಿದ್ದರು. ಇವರು ಅದನ್ನೆಲ್ಲ ಎತ್ತಿ ಹೊರಗಿಟ್ಟರು. ಮೂವರೂ ನ್ಯೂಯಾರ್ಕಿನ ಕ್ವೀನ್ಸ್‌ನ ಹಾಲಿಸ್ ಬಡಾವಣೆಯ ಹುಡುಗರು: ಜೋಸೆಫ್ ಸಿಮನ್ಸ್, ಡ್ಯಾರಿಲ್ ಮ್ಯಾಕ್‌ಡೇನಿಯಲ್ಸ್, ತಟ್ಟೆ ತಿರುಗಿಸುವ ಜೇಸನ್ ಮಿಝೆಲ್. ಒಬ್ಬ ಸಾಲು ಎತ್ತಿದರೆ ಇನ್ನೊಬ್ಬ ಅದರ ಕೊನೆಯ ಪದವನ್ನು ಹಾರಿ ಹಿಡಿಯುತ್ತಾನೆ. ಅದನ್ನು ಕೇಳುವುದೇ ಒಂದು ಸುಖ.

ರಾಕ್ ಗಿಟಾರ್ ಎದ್ದು ನಿಲ್ಲುವುದು ‘ರಾಕ್ ಬಾಕ್ಸ್’ ಎಂಬ ಹಾಡಿನಲ್ಲಿ. ನುಡಿಸಿದವರು ಎಡ್ಡಿ ಮಾರ್ಟಿನೆಜ್. ರಸೆಲ್ ಸಿಮನ್ಸ್ ಜೊತೆ ಆಲ್ಬಮ್ ರೂಪಿಸಿದ ಲ್ಯಾರಿ ಸ್ಮಿತ್ ತಾವೇ ಬೇಸ್ ವಾದಕರು. ಕೆಳಗೆ ಅದೇ ಮಷೀನಿನ ಬಡಿತ ಅಲುಗದೆ ನಿಂತಿದೆ, ಅದರ ಮೇಲೆ ಗಿಟಾರಿನ ಪದರ ಎಳೆದಿದ್ದಾರೆ. ಬಡಿತ ಗಿಟಾರಿಗಾಗಿ ಬಗ್ಗುವುದಿಲ್ಲ, ಗಿಟಾರೂ ತನ್ನ ಗರ್ಜನೆ ಬಿಡುವುದಿಲ್ಲ. ಆದ್ದರಿಂದ ಸಮ್ಮಿಳನವೂ ಸುಳ್ಳು, ಬೆರಕೆಯೂ ಸುಳ್ಳು. ಒಂದರ ಮೇಲೊಂದು ಕೂತಿವೆ, ಕರಗಿಲ್ಲ. ‘ಮೇಲೆ’ ಎಂಬ ಪದವೇ ಸಾಕು.

‘ಮೊಟ್ಟಮೊದಲು’ ಎಂದೂ ಬರೆಯಬೇಡಿ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಡಿಜೆಗಳು ರಾಕ್ ತಟ್ಟೆಗಳ ಡ್ರಮ್ ತುಣುಕುಗಳನ್ನು ಇದಕ್ಕೂ ಮುಂಚೆ ತಿರುಗಿಸಿದ್ದಾರೆ. ಏರೋಸ್ಮಿತ್ ಎಂಬ ರಾಕ್ ತಂಡದ ಜೊತೆ ಇವರು ಮಾಡಿದ ಹಾಡು 1986ರದ್ದು, ಮೂರನೆಯ ಆಲ್ಬಮ್ಮಿನದು. ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ. ಮೊದಲು ಎನ್ನಲೇಬೇಕಿದ್ದರೆ ಎರಡು ಮಾತು ನಿಲ್ಲುತ್ತವೆ: ಎಂಟಿವಿ ಎಂಬ ಹಾಡಿನ ಟಿವಿ ವಾಹಿನಿಯಲ್ಲಿ ಬಂದ ಮೊದಲ ರ‍್ಯಾಪ್ ವಿಡಿಯೋ ‘ರಾಕ್ ಬಾಕ್ಸ್’, ಅಮೆರಿಕದಲ್ಲಿ ಗೋಲ್ಡ್ ಮನ್ನಣೆ (ಐದು ಲಕ್ಷ ಪ್ರತಿಗೆ ಸಿಗುವುದು) ಪಡೆದ ಮೊದಲ ರ‍್ಯಾಪ್ ಆಲ್ಬಮ್ ಇದು.

ಗಿಟಾರಿನ ದನಿಗೆ ‘ಒಡಕು ದನಿ’ ಎನ್ನಿ. ಆಂಪ್ಲಿಫೈಯರಿಗೆ ತಡೆಯಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ದನಿ ನಿಜವಾಗಿಯೂ ಒಡೆಯುತ್ತದೆ.

ಶಿವಮೊಗ್ಗದಿಂದ

ಒಡಕು ಎಂದರೆ ವೈಮನಸ್ಸು. ಮನೆಯಲ್ಲಿ ಒಡಕು, ಪಕ್ಷದಲ್ಲಿ ಒಡಕು.

ಧಾರವಾಡದಿಂದ

ಒಡಕು ಗಡಗಿ, ಒಡಕು ದನಿ ಕೇಳಿಲ್ಲೇನ್ರೀ? ಒಡಕು ದನಿ ನೂರಕ್ಕೆ ನೂರು ಸರಿ. ಗೀಗೀ ಬಗ್ಗೆ ಮಾತ್ರ ಸೋಲು ಒಪ್ಪೂದಿಲ್ಲ, ಅದನ್ನ ಬ್ಯಾರೆ ಚರ್ಚೆಯಾಗ ಮಾತಾಡೋಣು.

ಬೆಂಗಳೂರಿನಿಂದ

ಹಾಗಾದರೆ ರ‍್ಯಾಪ್, ರಾಕ್, ಗಿಟಾರ್, ಆಲ್ಬಮ್, ಡ್ರಮ್ ಮಶೀನ್ ಎಲ್ಲವೂ ಇಂಗ್ಲಿಶಿನಲ್ಲೇ. ನಡುವೆ ಕನ್ನಡದ ವಿಬಕ್ತಿ ಪ್ರತ್ಯಯ ಮಾತ್ರ. ಇದನ್ನು ಕನ್ನಡ ಪಲಕ ಎಂದು ಕರೆಯಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಒಂದು ತಲೆಮಾರು ಹೀಗೇ ಬಿಟ್ಟರೆ ಮುಂದಿನವರಿಗೆ ಪದ ಕಟ್ಟುವ ಚಳಕವೇ ಉಳಿಯುವುದಿಲ್ಲ.

ನ್ಯೂಜೆರ್ಸಿಯಿಂದ

ಬರುತ್ತದೆ. ಪಿಟೀಲು ಯಾವ ಭಾಷೆಯದು? ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿದಾಗ ಅದು ಮೈಸೂರಿನದಾಯಿತು. ಹೆಸರು ಬದಲಿಸಿ ಕೊಡಿ ಎಂದು ಯಾರೂ ಕೇಳಲಿಲ್ಲ, ಬಾಯಿಗೆ ಬಂದಂತೆ ‘ಉ’ ಸೇರಿಸಿಕೊಂಡು ಒಳಗೆ ಕರೆದರು. ಕನ್ನಡದಲ್ಲೇ ರ‍್ಯಾಪ್ ಮಾಡುವ ಹುಡುಗರು ಇಂದು ಎಷ್ಟೋ ಜನ ಇದ್ದಾರೆ, ಅವರೆಲ್ಲ ತಮ್ಮನ್ನು ರ‍್ಯಾಪರ್ ಎಂದೇ ಕರೆದುಕೊಳ್ಳುತ್ತಾರೆ. ಕಸುಬಿನವರ ಬಾಯಲ್ಲಿರುವ ಪದವನ್ನು ಕಿತ್ತು ನಮ್ಮದನ್ನು ತುರುಕುವುದಕ್ಕೆ ನಾವು ಯಾರು?

ಬೆಂಗಳೂರಿನಿಂದ

ಪಿಟೀಲು ನಾಲಿಗೆಯಲ್ಲಿ ಪಳಗಿ ಬಂದದ್ದು. ರ‍್ಯಾಪ್ ಪಳಗಿಲ್ಲ. ಪದದ ಮೊದಲಿಗೇ ‘ರ‍್ಯಾ’ ಕನ್ನಡದ ಉಲಿಕೆಗೆ ಒಗ್ಗದು.

ಶಿವಮೊಗ್ಗದಿಂದ

ಈ ಒಂದು ಮಾತಿಗೆ ಬೆಂಗಳೂರಿನವರ ಜೊತೆ ನಾನಿದ್ದೇನೆ. ಮಹಾಪ್ರಾಣ ಬಿಟ್ಟು ಬರೆಯುವ ಅವರ ಪದ್ಧತಿಗೆ ಎಂದೂ ಇಲ್ಲ.

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಹೀಗೆ ಕಳಿಸುತ್ತಿದ್ದೇನೆ:

‘ರನ್-ಡಿಎಂಸಿ ತಂಡದ ಚೊಚ್ಚಲ ಆಲ್ಬಮ್, 1984. ಡ್ರಮ್ ಮಷೀನಿನ ಬಡಿತಕ್ಕೆ ಇಬ್ಬರ ರ‍್ಯಾಪ್. ‘ರಾಕ್ ಬಾಕ್ಸ್’ ಹಾಡಿನಲ್ಲಿ ಆ ಬಡಿತದ ಮೇಲೆ ಎಡ್ಡಿ ಮಾರ್ಟಿನೆಜ್ ಅವರ ಒಡಕು ದನಿಯ ರಾಕ್ ಗಿಟಾರ್.’

ಸಮ್ಮಿಳನ, ಧ್ವನಿಸುರುಳಿ ಎರಡೂ ಹೋದವು. ಚೊಚ್ಚಲ ಉಳಿಯಿತು. ಯಾರಿಗಾದರೂ ಕೊನೆಯ ಆಕ್ಷೇಪ ಇದ್ದರೆ ಮಧ್ಯಾಹ್ನದೊಳಗೆ ಹೇಳಿ.

ನ್ಯೂಜೆರ್ಸಿಯಿಂದ

ಒಂದೇ. ನೀವು ಯೂನಿಕೋಡಿನಲ್ಲಿ ಕೊಟ್ಟರೆ ಪ್ರಿಂಟಿನವರು ತಮ್ಮ ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆಗ ‘ರ‍್ಯಾ’ ಹೋಗಿ ಯಕಾರದ ಪಕ್ಕ ಅರ್ಕಾವೊತ್ತು ಕೂತು ‘ರ್ಯಾಪ್’ ಆಗಿಬಿಡಬಹುದು. ಫಲಕದಲ್ಲಿ ಅದು ದೊಡ್ಡ ಅಕ್ಷರದಲ್ಲಿರುತ್ತದೆ. ಪ್ರೂಫ್ ಕೈಗೆ ಬರದೆ ಒಪ್ಪಿಗೆ ಕೊಡಬೇಡಿ.

ಬೆಂಗಳೂರಿನಿಂದ

‘ಬಡಿನುಡಿ’ಗೆ ಈ ತೊಂದರೆ ಇಲ್ಲ.