ಹಾಲಿವುಡ್‌ನಲ್ಲಿ ಸೂಪರ್‌ಹೀರೋ ಸಿನಿಮಾ ಜಾಸ್ತಿ ಆಯ್ತಾ, ಅಥವಾ ಬೇರೆ ಏನಾದ್ರೂ ಕೆಟ್ಟಿದೆಯಾ?

ಬಾಲ್ಕನಿ_ಟಿಕೆಟ್:

ಹಾಲಿವುಡ್‌ನವರು ಸೂಪರ್‌ಹೀರೋ ಸಿನಿಮಾಗಳನ್ನು ಅತಿಯಾಗಿ ಮಾಡುತ್ತಿದ್ದಾರೆ ಅನ್ನೋ ಮಾತು ಎಲ್ಲಿ ಹೋದರೂ ಕೇಳುತ್ತದೆ. ಒಪ್ಪುವ ಮೊದಲು ಸ್ವಲ್ಪ ಲೆಕ್ಕ ನೋಡೋಣ. 2023ನ್ನೇ ತಗೊಳ್ಳಿ. ದೊಡ್ಡ ಸ್ಟುಡಿಯೋಗಳಿಂದ ಆ ವರ್ಷ ಬಂದದ್ದು ಎಂಟು. ಫೆಬ್ರವರಿಯಲ್ಲಿ ಮೂರನೇ ಆಂಟ್‌ಮ್ಯಾನ್, ಮಾರ್ಚ್‌ನಲ್ಲಿ ಎರಡನೇ ಶಝಾಮ್, ಮೇನಲ್ಲಿ ಮೂರನೇ ಗಾರ್ಡಿಯನ್ಸ್, ಜೂನ್ ಒಂದರಲ್ಲೇ ಸ್ಪೈಡರ್‌ವರ್ಸ್ ಮತ್ತು ಫ್ಲ್ಯಾಶ್, ಆಮೇಲೆ ಬ್ಲೂ ಬೀಟಲ್, ದಿ ಮಾರ್ವೆಲ್ಸ್, ವರ್ಷದ ಕೊನೆಗೆ ಎರಡನೇ ಅಕ್ವಾಮ್ಯಾನ್. ಅಮೆರಿಕದಲ್ಲಿ ವರ್ಷಕ್ಕೆ ನೂರಾರು ಸಿನಿಮಾ ಬಿಡುಗಡೆಯಾಗುತ್ತವೆ. ಅದರಲ್ಲಿ ಎಂಟು ಯಾವ ಲೆಕ್ಕ?

ಆದರೂ ಆ ಎಂಟರಲ್ಲಿ ಜನ ಬಾಯ್ತುಂಬ ಹೊಗಳಿದ್ದು ಎರಡನ್ನೇ, ಗಾರ್ಡಿಯನ್ಸ್ ಮತ್ತು ಸ್ಪೈಡರ್‌ವರ್ಸ್. ದಿ ಮಾರ್ವೆಲ್ಸ್ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 20 ಕೋಟಿ ಡಾಲರ್. ಅದಕ್ಕೂ ನಾಲ್ಕು ವರ್ಷ ಹಿಂದೆ ಅದನ್ನು ಮಾಡಿದ ಮಾರ್ವೆಲ್ ಕಂಪನಿಯದೇ ಎಂಡ್‌ಗೇಮ್ ಸುಮಾರು 280 ಕೋಟಿ ಡಾಲರ್ ಬಾಚಿತ್ತು. ಹಾಗಂತ ಜನ ಥಿಯೇಟರಿಗೆ ಬರುವುದನ್ನೇ ಬಿಟ್ಟರು ಅಂತಲೂ ಹೇಳೋಕಾಗಲ್ಲ, ಯಾಕಂದ್ರೆ ಅದೇ 2023ರಲ್ಲಿ ಬಾರ್ಬಿ 140 ಕೋಟಿ ಡಾಲರ್ ದಾಟಿತು, ಮೂರು ಗಂಟೆ ಬರೀ ಮಾತೇ ಇರುವ ಓಪನ್‌ಹೈಮರ್ 95 ಕೋಟಿ ದಾಟಿತು.

ಹಾಗಾದ್ರೆ ತಪ್ಪಿದ್ದು ಎಲ್ಲಿ? ಎಂಡ್‌ಗೇಮ್‌ವರೆಗೆ ಒಂದನ್ನೂ ಬಿಡದೆ ನೋಡಿದ ನನಗೇ ಈಗ ಹೊಸ ಟ್ರೇಲರ್ ಬಂದರೆ ಪೂರ್ತಿ ನೋಡೋ ಮನಸ್ಸಾಗಲ್ಲ. ನಿಮಗೆ ಏನನ್ನಿಸುತ್ತದೆ, ಕಾರಣ ಸಮೇತ ಹೇಳಿ. "ಬೋರ್ ಆಯ್ತು" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಕೊನೆಬೆಂಚು:

ಎಣಿಕೆ ಜಾಸ್ತಿ ಆಗಿಲ್ಲ, ಪೋರ್ಷನ್ ಜಾಸ್ತಿ ಆಗಿದೆ. ಒಂದು ಸಿನಿಮಾ ನೋಡೋಕೆ ಮೊದಲು ಇಡೀ ಸಿಲಬಸ್ ಓದಿ ಮುಗಿಸಬೇಕು ಅನ್ನೋ ಹಾಗಾಗಿದೆ.

2008ರ ಐರನ್ ಮ್ಯಾನ್ ನೆನಪು ಮಾಡಿಕೊಳ್ಳಿ. ಅದನ್ನು ನೋಡೋಕೆ ನಿಮಗೆ ಏನೂ ಗೊತ್ತಿರಬೇಕಿರಲಿಲ್ಲ. ಬಾಂಬು ಮಾರುವ ಶ್ರೀಮಂತ, ಅವನದೇ ಬಾಂಬಿನ ಚೂರು ಅವನ ಎದೆಗೆ ಹೊಕ್ಕಿದೆ, ಗುಹೆಯಲ್ಲಿ ಸೆರೆಯಾಳಾಗಿ ಕ್ಷಿಪಣಿಯ ಬಿಡಿಭಾಗ ಬಡಿದು ಬಡಿದು ಕವಚ ಮಾಡಿಕೊಂಡು ಹೊರಗೆ ಬರುತ್ತಾನೆ. ಅಷ್ಟೇ ಕಥೆ. ಹೆಸರುಗಳ ಪಟ್ಟಿ ಎಲ್ಲ ಮುಗಿದ ಮೇಲೆ ನಿಕ್ ಫ್ಯೂರಿ ಅನ್ನೋನು ಬಂದು ಮುಂದಿನ ಸಿನಿಮಾಗಳ ಸುಳಿವು ಕೊಡುತ್ತಾ ಅರ್ಧ ನಿಮಿಷ ಮಾತಾಡುತ್ತಾನೆ. ಅದನ್ನು ನೋಡದೆ ಎದ್ದು ಹೋದವರಿಗೂ ಏನೂ ನಷ್ಟ ಇರಲಿಲ್ಲ, ಕಾದು ಕೂತವರಿಗೆ ಒಂದು ಸಣ್ಣ ಉಡುಗೊರೆ.

ಈಗ ದಿ ಮಾರ್ವೆಲ್ಸ್ ನೋಡಿ. ಮೂವರು ನಾಯಕಿಯರು. ಕ್ಯಾರಲ್ ಯಾರು ಅಂತ ತಿಳಿಯೋಕೆ 2019ರ ಕ್ಯಾಪ್ಟನ್ ಮಾರ್ವೆಲ್ ಸಿನಿಮಾ ನೋಡಿರಬೇಕು. ಮೋನಿಕಾಗೆ ಶಕ್ತಿ ಬಂದದ್ದು ವಾಂಡಾವಿಷನ್ ಸರಣಿಯಲ್ಲಿ. ಕಮಲಾ ಖಾನ್ ಪರಿಚಯ ಆಗಿದ್ದು ಮಿಸ್ ಮಾರ್ವೆಲ್ ಸರಣಿಯಲ್ಲಿ. ಅಂದ್ರೆ ಟಿಕೆಟ್ ತಗೊಳ್ಳೋಕೆ ಮೊದಲು ಒಂದು ಸಿನಿಮಾ, ಎರಡು ಸರಣಿ. ಇದನ್ನೆಲ್ಲ ನೋಡಿರದ ಹೆಂಡತಿಯನ್ನೋ ತಮ್ಮನನ್ನೋ ಕರೆದುಕೊಂಡು ಹೋದರೆ ಅವರು ಪಕ್ಕದಲ್ಲಿ ಕೂತು "ಇವಳು ಯಾರು, ಇವಳಿಗೇನು ಸಿಟ್ಟು" ಅಂತ ಕೇಳುತ್ತಲೇ ಇರುತ್ತಾರೆ. ಮುಂದಿನ ಸಲ ಅವರು ಬರಲ್ಲ. ಅವರು ಬರದಿದ್ದರೆ ಅಭಿಮಾನಿಯೂ ಮನೆಯಲ್ಲೇ ಉಳಿಯುತ್ತಾನೆ. ಎರಡನೇ ಡಾಕ್ಟರ್ ಸ್ಟ್ರೇಂಜ್‌ನದೂ ಇದೇ ಕಥೆ. ಅದರ ಖಳನಾಯಕಿ ವಾಂಡಾ ಯಾಕೆ ಮಕ್ಕಳಿಗಾಗಿ ಅಷ್ಟು ಹುಚ್ಚಾಗಿದ್ದಾಳೆ ಅನ್ನೋದು ಸಿನಿಮಾದಲ್ಲಿಲ್ಲ, ವಾಂಡಾವಿಷನ್ ಸರಣಿಯಲ್ಲಿದೆ.

2008ರಿಂದ 2019ರವರೆಗೆ ಮಾರ್ವೆಲ್ ಮಾಡಿದ್ದು 23 ಸಿನಿಮಾ, ವರ್ಷಕ್ಕೆ ಹೆಚ್ಚುಕಡಿಮೆ ಎರಡು. 2021 ಒಂದರಲ್ಲೇ ನಾಲ್ಕು ಸಿನಿಮಾ, ಅದರ ಮೇಲೆ ಐದು ಸರಣಿ. ಮಾರ್ವೆಲ್‌ನ ಒಡೆಯ ಡಿಸ್ನಿಯ ಓಟಿಟಿ ಡಿಸ್ನಿ ಪ್ಲಸ್‌ಗೆ ಚಂದಾದಾರರು ಬೇಕಿತ್ತು, ತುಂಬಿಸಿಬಿಟ್ಟರು. ಕೊನೆಗೆ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರೇ 2024ರಲ್ಲಿ ಇನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿನಿಮಾ, ಎರಡು ಸರಣಿ ಸಾಕು ಅಂದರು. ಆ ವರ್ಷ ಮಾರ್ವೆಲ್ ಸ್ಟುಡಿಯೋಸ್‌ನಿಂದ ಥಿಯೇಟರಿಗೆ ಬಂದದ್ದು ಡೆಡ್‌ಪೂಲ್ ಒಂದೇ. 130 ಕೋಟಿ ಡಾಲರ್ ದಾಟಿತು.

ಲೆಕ್ಕದಪುಸ್ತಕ:

ಕೊನೆಬೆಂಚು ಅವರು ಹೇಳಿದ್ದು ಸರಿ, ಆದರೆ ಸ್ಟುಡಿಯೋಗಳು ಇದಕ್ಕೇ ಯಾಕೆ ಜೋತುಬಿದ್ದವು ಅನ್ನೋದನ್ನು ದುಡ್ಡಿನ ಕಡೆಯಿಂದ ನೋಡಬೇಕು.

ಮಾರ್ವೆಲ್ 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಾಮಿಕ್ಸ್ ಕಂಪನಿ. ಆ ಕಾಲದ ಕಷ್ಟದಲ್ಲಿ ಒಳ್ಳೊಳ್ಳೆ ಪಾತ್ರಗಳ ಸಿನಿಮಾ ಹಕ್ಕುಗಳೆಲ್ಲ ಕೈಬಿಟ್ಟು ಹೋದವು. ಸ್ಪೈಡರ್‌ಮ್ಯಾನ್ ಸೋನಿಗೆ, ಎಕ್ಸ್‌ಮೆನ್ ಫಾಕ್ಸ್ ಸ್ಟುಡಿಯೋಗೆ. ಉಳಿದದ್ದು, ಇಲ್ಲವೇ ಆಮೇಲೆ ವಾಪಸ್ ಸಿಕ್ಕಿದ್ದು, ಆಗ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಐರನ್ ಮ್ಯಾನ್, ಥಾರ್ ಇಂಥವರು. 2005ರಲ್ಲಿ ಮೆರಿಲ್ ಲಿಂಚ್ ಅನ್ನೋ ಹಣಕಾಸು ಸಂಸ್ಥೆಯಿಂದ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡರು. ಅದಕ್ಕೆ ಅಡ ಇಟ್ಟದ್ದು ಹತ್ತು ಪಾತ್ರಗಳ ಸಿನಿಮಾ ಹಕ್ಕನ್ನು. ಸಿನಿಮಾ ಮಕಾಡೆ ಮಲಗಿದ್ದರೆ ಪಾತ್ರಗಳೂ ಕೈತಪ್ಪುತ್ತಿದ್ದವು. ಆ ಹೆದರಿಕೆಯಲ್ಲಿ ಮಾಡಿದ ಸಿನಿಮಾ ಐರನ್ ಮ್ಯಾನ್. ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟರು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿ ಕೊಂಡುಕೊಂಡಿತು. ಗೆಲುವಿನ ಮೇಲೆ ಗೆಲುವು ಬಂತು, ಹೆದರಿಕೆ ಹೋಯಿತು. ನನ್ನ ಪ್ರಕಾರ ಸಿನಿಮಾ ಕೆಡೋಕೆ ಶುರುವಾಗಿದ್ದು ಅಲ್ಲಿಂದ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 2000ರ ದಶಕದ ಮಧ್ಯದವರೆಗೂ ಡಿವಿಡಿ ಮಾರಾಟದಿಂದ ಸ್ಟುಡಿಯೋಗಳಿಗೆ ದಂಡಿಯಾಗಿ ದುಡ್ಡು ಬರುತ್ತಿತ್ತು. ನಾಲ್ಕೈದು ಕೋಟಿ ಡಾಲರ್ ಖರ್ಚಿನ ಕೋರ್ಟು ಕಥೆ, ಪ್ರೇಮಕಥೆ, ಪೊಲೀಸ್ ಕಥೆ ಥಿಯೇಟರಲ್ಲಿ ಸುಮಾರಾಗಿ ಓಡಿದರೂ ಡಿವಿಡಿಯಲ್ಲಿ ಅಸಲು ಹುಟ್ಟುತ್ತಿತ್ತು. ಡಿವಿಡಿ ಸತ್ತಿತು, ಆ ಬಲವೂ ಹೋಯಿತು. ಟಿಕೆಟ್ ದುಡ್ಡಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರಿಗೆ, ಪ್ರಚಾರದ ಖರ್ಚು ಬೇರೆ. ಇಷ್ಟೆಲ್ಲ ಕಳೆದು ಲಾಭ ನೋಡಬೇಕಂದ್ರೆ ಎಲ್ಲ ದೇಶದಲ್ಲೂ ಒಂದೇ ದಿನ ಓಡುವ ಸಿನಿಮಾ ಬೇಕು. ಮಾತು ಕಡಿಮೆ, ಹೊಡೆದಾಟ ಜಾಸ್ತಿ ಇದ್ದರೆ ಭಾಷೆ ಅಡ್ಡ ಬರಲ್ಲ. ಚೀನಾ ಒಂದರಿಂದಲೇ ಎಂಡ್‌ಗೇಮ್‌ಗೆ 60 ಕೋಟಿ ಡಾಲರಿಗೂ ಮೇಲೆ ಬಂತು. ಆದರೆ 2019ರ ಮಧ್ಯದಿಂದ 2023ರ ಫೆಬ್ರವರಿವರೆಗೆ ಚೀನಾದಲ್ಲಿ ಒಂದೂ ಮಾರ್ವೆಲ್ ಸ್ಟುಡಿಯೋಸ್ ಚಿತ್ರ ತೆರೆ ಕಾಣಲಿಲ್ಲ. ದೊಡ್ಡ ಮಾರುಕಟ್ಟೆ ನಂಬಿಕೊಂಡು ದೊಡ್ಡ ಬಜೆಟ್ ಹಾಕಿದ್ದರು, ಮಾರುಕಟ್ಟೆ ಬಾಗಿಲು ಹಾಕಿತು, ಬಜೆಟ್ ಮಾತ್ರ ಇಳಿಯಲಿಲ್ಲ.

ಆದ್ದರಿಂದ ಎಂಟು ಸಿನಿಮಾ ಬಂದದ್ದಕ್ಕೆ ನನಗೆ ಬೇಜಾರಿಲ್ಲ. ನಡುವಿನ ಗಾತ್ರದ ಸಿನಿಮಾಗಳು ಥಿಯೇಟರಿಂದ ಕಾಣೆಯಾದವಲ್ಲ, ಅದಕ್ಕೆ ನನ್ನ ಸಂಕಟ. ಬಂದರೂ ನೇರ ಓಟಿಟಿಗೆ ಬಂದು ಎರಡು ವಾರದಲ್ಲಿ ಯಾರಿಗೂ ನೆನಪಿಲ್ಲದ ಹಾಗೆ ಆಗುತ್ತವೆ.

ರೋಟೋಹುಡುಗ:

ನಾನು ಬೆಂಗಳೂರಲ್ಲಿ ವಿಎಫ್‌ಎಕ್ಸ್, ಅಂದ್ರೆ ಸಿನಿಮಾ ಗ್ರಾಫಿಕ್ಸ್ ಕೆಲಸದಲ್ಲಿದ್ದೇನೆ, ಮೊದಲು ರೋಟೋ, ಈಗ ಕಾಂಪ್, ಅಂದ್ರೆ ಬೇರೆ ಬೇರೆ ಚಿತ್ರದ ತುಣುಕು ಸೇರಿಸಿ ಒಂದೇ ಶಾಟ್ ಮಾಡೋದು. ಕಂಪನಿ ಹೆಸರು, ಸಿನಿಮಾ ಹೆಸರು ಹೇಳಲ್ಲ. ಆದರೆ ಈ ಚರ್ಚೆಯಲ್ಲಿ ನಮ್ಮ ಕಡೆಯದೂ ಇರಲಿ.

ರೋಟೋ ಅಂದ್ರೆ ನಟನ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಹಾಕಿ ಹಿನ್ನೆಲೆಯಿಂದ ಬೇರೆ ಮಾಡೋದು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದ್ರೆ 120 ಫ್ರೇಮ್. ಕೂದಲು ಗಾಳಿಗೆ ಹಾರುತ್ತಿದ್ದರೆ ಒಂದೊಂದು ಜೊಂಪೆಗೂ ಬೇರೆ ಗೆರೆ. ಇಷ್ಟು ಮಾಡಿ ಕಳಿಸಿದ ಮೇಲೆ, ಮೇಲಿನವರು ಕ್ಲೈಮ್ಯಾಕ್ಸನ್ನೇ ಬದಲಾಯಿಸಿದ್ದಾರೆ, ಉಡುಪಿನ ಬಣ್ಣ ಬೇರೆ, ಖಳ ನಿಂತಿರೋ ಜಾಗ ಬೇರೆ ಅಂತ ನೋಟ್ಸ್ ಬರುತ್ತದೆ. ಬಿಡುಗಡೆ ದಿನ ಮಾತ್ರ ಕದಲಲ್ಲ, ಯಾಕಂದ್ರೆ ಆ ದಿನವನ್ನು ಕಥೆ ಬರೆಯೋಕೆ ಮೊದಲೇ ಘೋಷಿಸಿರುತ್ತಾರೆ. ಗ್ರಾಫಿಕ್ಸ್ ಕೆಟ್ಟದಾಗಿದೆ ಅಂತ ನೀವು ಬೈಯುವಾಗ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಕೆಲಸ ಬರದವರು ಮಾಡಿದ್ದಲ್ಲ ಅದು, ಸಮಯ ಸಿಗದವರು ಮಾಡಿದ್ದು.

2023ರ ಸೆಪ್ಟೆಂಬರಲ್ಲಿ ಮಾರ್ವೆಲ್‌ನ ಒಳಗಿನ ವಿಎಫ್‌ಎಕ್ಸ್ ನೌಕರರು ಒಂದೂ ವಿರೋಧ ಮತ ಇಲ್ಲದೆ ಸಂಘ ಕಟ್ಟಿಕೊಂಡರು. ಒಳ್ಳೆಯದಾಯ್ತು. ಆದರೆ ಇಲ್ಲಿ ಕೂತು ಅದೇ ಸಿನಿಮಾಗೆ ಗೆರೆ ಹಾಕುವ ನಮಗೆ ಅದು ತಲುಪಲ್ಲ.

ಚಿತ್ರ ಕಡಿಮೆ ಮಾಡಿದರೆ ನಮ್ಮ ಕೆಲಸಕ್ಕೇ ಕುತ್ತು, ಅದು ನನಗೂ ಗೊತ್ತು. ಹಾಗಿದ್ದೂ ಹೇಳುತ್ತೇನೆ, ಕಡಿಮೆ ಮಾಡಲಿ, ಮೊದಲು ಯೋಚನೆ ಮಾಡಿ ಮಾಡಲಿ. ಸಮಯ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ 2018ರ ಇನ್‌ಟು ದ ಸ್ಪೈಡರ್‌ವರ್ಸ್ ನೋಡಿ. ಹಿಮ ಬಿದ್ದ ಕಾಡಿನಲ್ಲಿ ಪೀಟರ್ ಮತ್ತು ಮೈಲ್ಸ್ ಬಲೆ ಹಿಡಿದು ಜೋಲಿ ಹೊಡೆಯುವ ದೃಶ್ಯ ಇದೆಯಲ್ಲ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಪಳಗಿದ ಪೀಟರ್ ಪ್ರತಿ ಫ್ರೇಮಿಗೂ ಕದಲುತ್ತಾನೆ. ಮೈಲ್ಸ್‌ನ ಒಂದೊಂದು ಭಂಗಿ ಎರಡೆರಡು ಫ್ರೇಮ್ ನಿಲ್ಲುತ್ತದೆ, ಅಂದ್ರೆ ಸೆಕೆಂಡಿಗೆ ಹನ್ನೆರಡೇ. ಅದಕ್ಕೇ ಅವನು ತಡವರಿಸಿದ ಹಾಗೆ ಕಾಣುತ್ತಾನೆ. ನೋಡುವವರಿಗೆ ಕಾರಣ ಗೊತ್ತಾಗಲ್ಲ, ಆದರೆ ಈ ಹುಡುಗ ಇನ್ನೂ ಕಲಿಯುತ್ತಿದ್ದಾನೆ ಅಂತ ಕಣ್ಣಿಗೆ ತಿಳಿಯುತ್ತದೆ. ಇಂಥದ್ದು ಯಾರೋ ಒಬ್ಬರು ಕೂತು ನಿಧಾನವಾಗಿ ಯೋಚಿಸಿದರೆ ಮಾತ್ರ ಹೊಳೆಯೋದು.

ಹಳೇರೀಲು:

ಹಾಲಿವುಡ್‌ಗೆ ಇದು ಹೊಸ ಕಾಯಿಲೆ ಏನಲ್ಲ. 1965ರಲ್ಲಿ ಸೌಂಡ್ ಆಫ್ ಮ್ಯೂಸಿಕ್ ಭರ್ಜರಿಯಾಗಿ ಓಡಿತು. ಫಾಕ್ಸ್‌ನವರು ಜನಕ್ಕೆ ಹಾಡಿನ ಸಿನಿಮಾನೇ ಬೇಕು ಅಂದುಕೊಂಡು 1967ರಲ್ಲಿ ಡಾಕ್ಟರ್ ಡೂಲಿಟಲ್, 1968ರಲ್ಲಿ ಸ್ಟಾರ್, 1969ರಲ್ಲಿ ಹಲೋ ಡಾಲಿ, ಒಂದರ ಹಿಂದೆ ಒಂದು ಕೋಟಿಗಟ್ಟಲೆ ಸುರಿದರು. ಸ್ಟಾರ್‌ಗೆ ಸೌಂಡ್ ಆಫ್ ಮ್ಯೂಸಿಕ್‌ನ ನಟಿ, ನಿರ್ದೇಶಕ ಇಬ್ಬರನ್ನೂ ಹಾಕಿಕೊಂಡರು. ಮೂರೂ ನಷ್ಟ. ಆ ಪೆಟ್ಟು ಬಿದ್ದ ಮೇಲೆ ತಾನೇ ಸ್ಟುಡಿಯೋಗಳು ಗೊತ್ತುಗುರಿ ಇಲ್ಲದೆ ಹೊಸ ಹುಡುಗರ ಕೈಗೆ ಕ್ಯಾಮೆರಾ ಕೊಟ್ಟಿದ್ದು? ಎಪ್ಪತ್ತರ ದಶಕದ ಒಳ್ಳೆಯ ಅಮೆರಿಕನ್ ಸಿನಿಮಾಗಳು ಬಂದದ್ದು ಹಾಗೆ. ಆ ಹೊಸ ಹುಡುಗರಲ್ಲಿ ಒಬ್ಬರು ಮಾರ್ಟಿನ್ ಸ್ಕಾರ್ಸೇಸಿ. 2019ರಲ್ಲಿ ಅವರು ಮಾರ್ವೆಲ್ ಚಿತ್ರಗಳನ್ನು ಥೀಮ್ ಪಾರ್ಕ್‌ಗೆ ಹೋಲಿಸಿದಾಗ ಎಲ್ಲರೂ ಮೈಮೇಲೆ ಬಿದ್ದರು. ಆದರೆ ಆಮೇಲೆ ಬರೆದ ಲೇಖನದಲ್ಲಿ ಅವರ ಮುಖ್ಯ ದೂರು ಬೇರೆ ಸಿನಿಮಾಗೆ ಥಿಯೇಟರಲ್ಲಿ ಜಾಗ ಸಿಗುತ್ತಿಲ್ಲ ಅನ್ನೋದು. ಲೆಕ್ಕದಪುಸ್ತಕ ಅವರು ಹೇಳಿದ್ದೂ ಅದನ್ನೇ ಅಲ್ವಾ?

ಆದರೆ ಸೂಪರ್‌ಹೀರೋ ಸಿನಿಮಾ ಅನ್ನೋ ಬಗೆಯನ್ನೇ ದೂರಬೇಡಿ. ಲೋಗನ್ ನನ್ನ ಮಟ್ಟಿಗೆ ಮುಪ್ಪಿನ ಬಗ್ಗೆ ಬಂದ ಒಳ್ಳೆಯ ಸಿನಿಮಾ. ಬ್ಲ್ಯಾಕ್ ಪ್ಯಾಂಥರ್ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಸೂಪರ್‌ಹೀರೋ ಚಿತ್ರ. 2025ರಲ್ಲಿ ಬಂದ ಸೂಪರ್‌ಮ್ಯಾನ್, ಫೆಂಟಾಸ್ಟಿಕ್ ಫೋರ್ ಎರಡನ್ನೂ ಹಿಂದಿನದು ಏನೂ ನೋಡದೆ ನೋಡಬಹುದು, ಪಾಠ ಕಲಿತಿದ್ದಾರೆ. ದುಡ್ಡು ಮಾತ್ರ ಹಿಂದಿನ ಹಾಗೆ ಬರಲಿಲ್ಲ, ಆ ವರ್ಷ ಒಂದೂ 100 ಕೋಟಿ ಡಾಲರ್ ಮುಟ್ಟಲಿಲ್ಲ. ಒಮ್ಮೆ ಕಳೆದುಕೊಂಡ ಜನ ಅಷ್ಟು ಬೇಗ ವಾಪಸ್ ಬರಲ್ಲ.

ಬೆಣ್ಣೆದೋಸೆ_ಅಮ್ಮ:

ನೀವೆಲ್ಲ ಹದಿನೈದು ವರ್ಷದಿಂದ ನೋಡಿ ಸಾಕಾದವರು. ನನ್ನ ಮಗಳಿಗೆ ಹತ್ತು ವರ್ಷ, ಅವಳಿಗೆ ಎಲ್ಲಾ ಹೊಸತು. ಅವಳ ಕಡೆಯಿಂದಲೂ ನೋಡಿ.

2019ರಲ್ಲಿ ಎಂಡ್‌ಗೇಮ್ ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. 2023ರ ಅಕ್ರಾಸ್ ದ ಸ್ಪೈಡರ್‌ವರ್ಸ್ ಹತ್ತು ಭಾಷೆಯಲ್ಲಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಪವಿತ್ರ್ ಪ್ರಭಾಕರ್ ಅನ್ನೋ ನಮ್ಮ ದೇಶದ ಸ್ಪೈಡರ್‌ಮ್ಯಾನ್ ಬೇರೆ ಇದ್ದಾನೆ ಅದರಲ್ಲಿ. ಆದರೆ ನಾವು ಹುಡುಕಿದಾಗ ನಮ್ಮೂರಲ್ಲಿ ಕನ್ನಡದ ಶೋ ಸಿಗಲೇ ಇಲ್ಲ, ಇಂಗ್ಲಿಷಲ್ಲೇ ನೋಡಿ ಬಂದೆವು, ಅರ್ಧ ನಾನು ಕಿವಿಯಲ್ಲಿ ಹೇಳುತ್ತಾ ಕೂತಿದ್ದೆ. ಸಿನಿಮಾ ಜಾಸ್ತಿ ಆಯ್ತು ಅಂತ ನೀವು ಚರ್ಚೆ ಮಾಡುತ್ತಿದ್ದೀರಿ, ನಮಗೆ ನಮ್ಮ ಭಾಷೆಯಲ್ಲಿ ಕೇಳಿಸೋದು ಇನ್ನೂ ಸರಿಯಾಗಿ ಶುರುವೇ ಆಗಿಲ್ಲ.

ಅವಳು ಈಗ ಎಲ್ಲಾ ನೋಡಬೇಕು ಅಂತ ಹಠ ಹಿಡಿದಿದ್ದಾಳೆ. ಎಲ್ಲಿಂದ ಶುರು ಮಾಡಿಸಲಿ?

ಬಾಲ್ಕನಿ_ಟಿಕೆಟ್:

ಮೇಡಂ, ಎಲ್ಲಾ ತೋರಿಸೋಕೆ ಹೋಗಬೇಡಿ. ಅವಳು ಎರಡನೇ ಸ್ಪೈಡರ್‌ವರ್ಸ್ ನೋಡಿದ್ದಾಳೆ ಅಂದ್ಮೇಲೆ ಮೊದಲು ಇನ್‌ಟು ದ ಸ್ಪೈಡರ್‌ವರ್ಸ್ ತೋರಿಸಿ, ರೋಟೋಹುಡುಗ ಹೇಳಿದ ಕಾಡಿನ ದೃಶ್ಯವನ್ನು ಅವಳಿಗೆ ನಿಲ್ಲಿಸಿ ತೋರಿಸಿ. ಆಮೇಲೆ 2002ರ ಸ್ಪೈಡರ್‌ಮ್ಯಾನ್. ಸ್ವಲ್ಪ ದೊಡ್ಡವಳಾದ ಮೇಲೆ ಐರನ್ ಮ್ಯಾನ್, ಬ್ಲ್ಯಾಕ್ ಪ್ಯಾಂಥರ್. ಲೋಗನ್ ಈಗ ಬೇಡವೇ ಬೇಡ, ರಕ್ತ ಜಾಸ್ತಿ. ಸರಣಿಗಳ ತಂಟೆಗೆ ಸದ್ಯ ಹೋಗಬೇಡಿ.

ರೋಟೋಹುಡುಗ ಅವರೇ, ಬಿಡುಗಡೆ ದಿನ ಮೊದಲು ಘೋಷಿಸಿ ಕಥೆ ಆಮೇಲೆ ಬರೆಯುವ ವಿಷಯ ಬಿಡಿಸಿ ಬರೆಯಲು ಸಾಧ್ಯವಾದರೆ ಬರೆಯಿರಿ. ನಾನು ಕೇಳಿದ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ ಅನ್ನಿಸುತ್ತಿದೆ.